ಹಡಗಿಗೆ ಟವೆಲ್ ಹಾಕಿದ ಯಜಮಾನರು

ಸಮುದ್ರದ ಮಧ್ಯೆ ಎರಡು ಹಡಗುಗಳು ಎದುರುಬದುರು ಬರುತ್ತಿವೆ. ದ್ವೀಪದ ಕಡೆ ಹೊರಟ ಹಡಗಿನಲ್ಲಿ ನಾನು, ಎರಡು ಸೂಟ್‌ಕೇಸು ಮತ್ತು ಇಬ್ಬರ ಪಾಸ್‌ಪೋರ್ಟು. ದ್ವೀಪದಿಂದ ವಾಪಸ್ ಬರುತ್ತಿರುವ ಹಡಗಿನಲ್ಲಿ ನನ್ನ ಗಂಡ ಮತ್ತು ಒಂದು ಟವೆಲ್ಲು.

ಜೋಡಿಯಾಗಿ ಫಾರಿನ್ ಟೂರ್ ಹೊರಟವರು ಹೀಗೆ ಎದುರುಬದುರಾಗಿದ್ದು ಹೇಗೆ ಅಂತೀರಾ? ಹೇಳ್ತೀನಿ. ಆದರೆ ಈ ಕಥೆಯನ್ನು ಸ್ಕಾಟ್‌ಲೆಂಡಿನಿಂದ ಶುರು ಮಾಡಿದರೆ ಅರ್ಥವಾಗುವುದಿಲ್ಲ. ನಂಜನಗೂಡು ಬಸ್ ಸ್ಟ್ಯಾಂಡಿನಿಂದ ಶುರು ಮಾಡಬೇಕು.

ನನ್ನ ತವರು ಟಿ. ನರಸೀಪುರ. ಕೊಟ್ಟ ಮನೆ ನಂಜನಗೂಡು. ನಮ್ಮ ಯಜಮಾನರು ಮೂಲತಃ ಹೆಮ್ಮರಗಾಲದವರು, ಪೇಟೆಯಲ್ಲಿ ಕಬ್ಬಿಣ, ಸಿಮೆಂಟಿನ ವ್ಯಾಪಾರ. ಅಂಗಡಿಯಲ್ಲಿ ನೋಡಿದರೆ ಇವರಷ್ಟು ನಿಧಾನಸ್ಥರು ಇನ್ನೊಬ್ಬರಿಲ್ಲ. ಗಿರಾಕಿ ಇಡೀ ಮನೆಯ ಪ್ಲಾನ್ ಬಿಡಿಸಿ ಕೂತರೂ ಬೇಸರಿಸದೆ ಕೇಳುತ್ತಾರೆ. ಆದರೆ ನರಸೀಪುರದ ಬಸ್ಸು ಸ್ಟ್ಯಾಂಡಿನೊಳಗೆ ಮೂತಿ ತಿರುಗಿಸಿತೋ, ಮನುಷ್ಯನೇ ಬೇರೆ. ಹೆಗಲ ಮೇಲಿನ ಟವೆಲ್ಲು ಕೈಗೆ ಬರುತ್ತದೆ. ಬಸ್ಸು ನಿಲ್ಲುವ ಮೊದಲೇ ಅದರ ಜೊತೆಗೇ ಓಡುತ್ತಾ, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದುಬಿಡುತ್ತಾರೆ. ಗುರಿ ತಪ್ಪಿದ್ದನ್ನು ನಾನಂತೂ ನೋಡಿಲ್ಲ.

ಸಾಮಾನು? ಅದನ್ನು ಹೊತ್ತುಕೊಂಡು ಹಿಂದಿನಿಂದ ನಾನು ಬರಬೇಕು. "ಬ್ಯಾಗ್ ಇಡ್ಕೊಂಡು ಓಡುದ್ರೆ ಸೀಟು ಸಿಕ್ಕಾಕಿಲ್ಲ ಕಣೆ" ಎನ್ನುವುದು ಅವರ ಥಿಯರಿ. (ಥಿಯರಿ ಅವರದು, ಬ್ಯಾಗು ನನ್ನದು.)

ನನ್ನನ್ನು ಕಿಟಕಿ ಪಕ್ಕ ಕೂರಿಸಿದ ಮೇಲೆ ಅವರು ಕೂರುತ್ತಾರಾ? ಊಹೂಂ. ಮುಂದೆ ಹೆಂಗಸರು, ಹಿಂದೆ ಗಂಡಸರು. ಹಿಂದುಗಡೆ ಹೋಗಿ ಕಂಬಿ ಹಿಡಿದು ನಿಲ್ಲುತ್ತಾರೆ. ಪಕ್ಕದ ಸೀಟು ಖಾಲಿಯಿದ್ದರೂ ಅಷ್ಟೇ. ಹೆಂಡತಿ ಪಕ್ಕ ಕೂತರೆ ನೋಡಿದವರು ಏನಂದುಕೊಂಡಾರು? (ಗಂಡ ಅಂದುಕೊಳ್ಳುತ್ತಾರೆ, ಇನ್ನೇನು?) ಈಗ ಹೆಂಗಸರಿಗೆ ಫ್ರೀ ಬಸ್ ಬಂದ ಮೇಲಂತೂ ಹಿಂದಿನ ಬಾಗಿಲಿನವರೆಗೂ ನಮ್ಮದೇ ರಾಜ್ಯ. ಇವರಿಗೆ ಇನ್ನೊಂದು ನೆಪ ಸಿಕ್ಕಂತಾಯಿತು.

ನಂಜನಗೂಡಿನ ಕಪಿಲೆ ಹರಿದು ಹೋಗಿ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಂಜನಗೂಡಿನ ಗಂಡ ಮಾತ್ರ ನರಸೀಪುರದ ಹೆಂಡತಿಯ ಪಕ್ಕ ಬಂದು ಕೂರುವುದಿಲ್ಲ.

ಹೀಗೆ ಮೂವತ್ತು ವರ್ಷ ಒಬ್ಬರು ಮುಂದೆ, ಒಬ್ಬರು ಹಿಂದೆ ಪ್ರಯಾಣ ಮಾಡಿ ನಮ್ಮಿಬ್ಬರ ನಡುವೆ ಒಂದು ಕೈಸನ್ನೆಯ ಭಾಷೆಯೇ ಬೆಳೆದಿದೆ. ಕೈ ಮೇಲೆತ್ತಿದರೆ, ಏಳು, ಸ್ಟಾಪ್ ಬಂತು. ಹೆಬ್ಬೆರಳು ಬಾಯಿಗೆ ಹೋದರೆ, ನೀರು ಬೇಕಾ? ಅಂಗೈಯನ್ನು ಕೆಳಮುಖ ಮಾಡಿ ಗಾಳಿಯನ್ನೇ ಮೆಲ್ಲಗೆ ಅದುಮಿದರೆ, ಕೂತಿರು, ನಾನಿದ್ದೀನಿ.

ಈ ಕೊನೆಯ ಸನ್ನೆಯನ್ನು ನೆನಪಿಟ್ಟುಕೊಳ್ಳಿ.

ಮದುವೆಯಾಗಿ ಮೂವತ್ತು ವರ್ಷವಾದ ಖುಷಿಗೆ ಸ್ಕಾಟ್‌ಲೆಂಡಿಗೆ ಹೊರಟೆವು. ನೆಂಟರೆಲ್ಲ ಏನೇನು ನೋಡಬೇಕು ಎಂದು ಪಟ್ಟಿ ಹೇಳಿದರು. ಕೋಟೆಯಂತೆ, ಕೊಳವಂತೆ. ನನಗೆ ಇದ್ದದ್ದು ಒಂದೇ ಆಸೆ. ರೈಲಿನಲ್ಲೋ ಹಡಗಿನಲ್ಲೋ, ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಕಿಟಕಿಯಿಂದ ಆಚೆ ನೋಡಬೇಕು. ಅಷ್ಟೇ. ಅಲ್ಲಿ ನಮ್ಮನ್ನು ಕಂಡು ಏನಂದುಕೊಳ್ಳೋಕೆ ನಂಜನಗೂಡಿನವರು ಯಾರಿದ್ದಾರೆ?

ಅಲ್ಲಿ ಇಳಿದ ತಕ್ಷಣ ಫೋನಿಗೆ ಸಿಮ್ ಕೊಳ್ಳುವಾಗ ನಮ್ಮವರು, "ಒಂದು ಸಾಕು ಬುಡು. ಎಲ್ಗೋದ್ರೂ ಇಬ್ರೂ ಒಟ್ಗೇ ಇರ್ತೀವಲ್ಲ" ಅಂದರು. ಆ ಮಾತಿಗೆ ನಾನು ಕರಗಿಹೋದೆ. ಸಿಮ್ಮು ನನ್ನ ಫೋನಿಗೆ ಬಿತ್ತು.

ಆವತ್ತು ಗ್ಲಾಸ್ಗೋದಿಂದ ರೈಲು ಹಿಡಿದು ಸಮುದ್ರದ ದಡದ ಒಂದು ಪುಟ್ಟ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಬ್ಯೂಟ್ ಎಂಬ ದ್ವೀಪಕ್ಕೆ ದಾಟಬೇಕಿತ್ತು. ಗ್ಲಾಸ್ಗೋ ಪ್ಲಾಟ್‌ಫಾರಂ ಖಾಲಿ. ರೈಲೂ ಮುಕ್ಕಾಲು ಖಾಲಿ. ಆದರೂ ನಮ್ಮವರು ಓಡಿದರು. ಜರ್ಕಿನ್ ಮೇಲೆ ಹಾಕಿಕೊಂಡಿದ್ದ ಕೆಂಪು ಅಂಚಿನ ಟವೆಲ್ಲನ್ನು ಸೀಟಿಗೆ ಹಾಸಿದರು. ಅಲ್ಲಿಗೆ ಬಂದ ಬಿಳಿ ಮೀಸೆಯ ಮುದುಕರೊಬ್ಬರು ಟವೆಲ್ಲನ್ನು ನೋಡಿ, ಇವರನ್ನು ನೋಡಿ, ದೂರ ಹೋಗಿ ಕೂತರು.

"ಇಲ್ಲೇ ಕೂತ್ಕೊಳ್ರೀ, ಪಕ್ಕದ್ದು ಖಾಲಿ ಇದೆಯಲ್ಲ" ಅಂದೆ.

"ಬ್ಯಾಗು ಅಲ್ಲಿ ಬಾಗ್ಲತ್ರ ಅವೆ. ಯಾರಾರ ಎತ್ಕೊಂಡ್ ಓಗ್ಬುಟ್ರೆ?"

ಹೋಗಿ ಬಾಗಿಲ ಹತ್ತಿರ ಕಾವಲು ನಿಂತರು. ಕುರಿಗಳು ಬಂದವು, ಹಸಿರು ಗುಡ್ಡ ಬಂತು, ಸಮುದ್ರ ಬಂತು. ಗ್ಲಾಸ್ಗೋದಿಂದ ಕಡಲ ದಡದವರೆಗೆ ನನ್ನ ಪಕ್ಕ ಕೂತು ಬಂದದ್ದು ಟವೆಲ್ಲು.

ಇರಲಿ, ಹಡಗಿದೆಯಲ್ಲ ಅಂದುಕೊಂಡೆ.

ಆ ಸ್ಟೇಷನ್ನಿನಿಂದ ಹಡಗಿನವರೆಗೆ ಮಾಡು ಹೊದಿಸಿದ ಉದ್ದನೆಯ ಇಳಿಜಾರು ದಾರಿ. ರೈಲಿಳಿದ ಜನ ಆರಾಮವಾಗಿ ಹರಟುತ್ತಾ ನಡೆಯುತ್ತಿದ್ದರು. ನಮ್ಮವರು ಜನರನ್ನು ನೋಡಲಿಲ್ಲ. ಹಡಗನ್ನು ನೋಡಿದರು. ನರಸೀಪುರದ ಬಸ್ಸು ಕಂಡಷ್ಟೇ ಆಯಿತು.

"ನಾ ಮುಂದ್ಕೋಗಿ ಸೀಟು ಇಡ್ದಿರ್ತೀನಿ, ನೀ ಬ್ಯಾಗ್ ತಕ್ಕೊಂಡ್ ಬಾ!"

"ರೀ, ಒಟ್ಟಿಗೆ ಹೋಗೋಣ್ರೀ..." ಅನ್ನುವಷ್ಟರಲ್ಲಿ ಆಸಾಮಿ ಮಾಯ. ಅವರ ಟಿಕೆಟು ಅವರ ಜೇಬಿನಲ್ಲೇ ಇತ್ತು.

ನನಗೆ ಮೊದಲೇ ಮಂಡಿ ನೋವು. ಎರಡು ಸೂಟ್‌ಕೇಸು. ಜೊತೆಗೆ ದಾರಿಯುದ್ದಕ್ಕೂ ತೂಗುಬಿಟ್ಟ ಹೂವಿನ ಕುಂಡಗಳು. ಎಷ್ಟು ಚೆನ್ನಾಗಿದ್ದವು ಅಂದರೆ, ನಿಂತು ಫೋಟೋ ತೆಗೆದೆ. ಇವರು ಕಾರಣವಿಲ್ಲದೆ ಓಡುವುದನ್ನು ನೋಡಿ ನೋಡಿ ನನಗೆ ಕಾರಣವಿದ್ದಾಗಲೂ ಓಡುವ ಅಭ್ಯಾಸ ತಪ್ಪಿದೆ. ಕೆಳಗೆ ತಲುಪುವ ಹೊತ್ತಿಗೆ ಹಡಗಿನ ಬಾಗಿಲು ಮುಚ್ಚಿತ್ತು. ನೋಡುತ್ತಿದ್ದಂತೆ ದಡ ಬಿಟ್ಟು ಹೊರಟೇಹೋಯಿತು.

ಹಳದಿ ಕೋಟು ಹಾಕಿದ್ದ ಅಲ್ಲಿನ ಸಿಬ್ಬಂದಿಯ ಹೆಂಗಸು ನನ್ನ ಹತ್ತಿರ ಬಂದು, "ಪರವಾಗಿಲ್ಲ ಲವ್, ಇನ್ನೊಂದು ಹಡಗು ಬರುತ್ತೆ" ಅಂದಳು. (ಅಲ್ಲಿ ಗುರುತಿಲ್ಲದವರನ್ನೂ ಲವ್ ಅಂತಾರೆ. ನಮ್ಮನೆಯಲ್ಲಿ ಗುರುತಿದ್ದವರೂ ಅಂದಿಲ್ಲ.)

"ಅದರಲ್ಲಿ ನನ್ನ ಗಂಡ ಇದ್ದಾರೆ" ಅಂದೆ.

"ನಿಮ್ಮನ್ನು ಬಿಟ್ಟು ಯಾಕೆ ಹೋದರು?"

"ನನಗೆ ಸೀಟು ಹಿಡಿಯೋಕೆ."

ಆಕೆ ಹೋಗುತ್ತಿದ್ದ ಹಡಗನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅರ್ಧ ಹಡಗು ಖಾಲಿ ಇತ್ತಲ್ಲ?" ಅಂದಳು. ನಂಜನಗೂಡು ಬಸ್ ಸ್ಟ್ಯಾಂಡನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟು ಓದು ನನ್ನದಲ್ಲ. ಸುಮ್ಮನೆ ನಕ್ಕೆ.

ನಕ್ಕಿದ್ದು ಅವಳೆದುರಿಗೆ. ಬೆಂಚಿನ ಮೇಲೆ ಕೂತ ಮೇಲೆ ಭಯ ಶುರುವಾಯಿತು. ಅವರ ಪಾಸ್‌ಪೋರ್ಟು ನನ್ನ ಬ್ಯಾಗಿನಲ್ಲಿ. ಬಿಪಿ ಮಾತ್ರೆಯೂ ಇಲ್ಲೇ. ಅವರ ಫೋನಿಗೆ ಸಿಮ್ಮಿಲ್ಲ. ಉಳಿದುಕೊಳ್ಳುವ ಜಾಗದ ಹೆಸರೂ ಅವರಿಗೆ ಗೊತ್ತಿಲ್ಲ, ಎಲ್ಲ ನಾನೇ ನೋಡಿಕೊಂಡದ್ದು. ಇಂಗ್ಲಿಷು ಬರುತ್ತೆ, ಆದರೆ ಕಂಬಿಯ ಅಳತೆ ಹೇಳುವಷ್ಟು. ಈ ಮನುಷ್ಯ ಆಚೆ ದಡದಲ್ಲಿ ಒಬ್ಬರೇ ಇಳಿದು ಏನು ಮಾಡುತ್ತಾರೆ? ನನ್ನನ್ನು ಹುಡುಕಿಕೊಂಡು ಎತ್ತಲೋ ನಡೆದುಬಿಟ್ಟರೆ? ಬೈಯಬೇಕು ಅಂದುಕೊಂಡಿದ್ದ ಮಾತೆಲ್ಲ ಚೆದುರಿಹೋಗಿ ಅಳು ಬಂತು. ನಿಜವಾಗಿಯೂ ಬಂತು.

ದಸರಾ ಎಕ್ಸಿಬಿಷನ್ನಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾವಿಬ್ಬರೂ ಒಂದೇ ಮಾತು ಹೇಳುತ್ತಿದ್ದೆವು: ತಪ್ಪಿಸಿಕೊಂಡರೆ ನಿಂತ ಜಾಗದಲ್ಲೇ ನಿಂತಿರಬೇಕು. ಮಕ್ಕಳು ಪಾಲಿಸುತ್ತಿದ್ದರು. ನಾವು? ಮುಂದಿನ ಹಡಗು ಬಂದ ತಕ್ಷಣ ನಾನು ಹತ್ತಿದೆ. ಆಚೆ ದಡದಲ್ಲಿ ಅವರೂ ಇಳಿಯಲೇ ಇಲ್ಲವಂತೆ. ನನ್ನನ್ನು ಕರೆತರಲು ಅದೇ ಹಡಗಿನಲ್ಲಿ ವಾಪಸ್ ಹೊರಟಿದ್ದರು.

ಹೀಗೆ ಸಮುದ್ರದ ಮಧ್ಯೆ ಎರಡು ಹಡಗುಗಳು.

ನಾನು ಡೆಕ್ಕಿನ ಮೇಲಿದ್ದೆ. ಎದುರಿನಿಂದ ಬರುತ್ತಿದ್ದ ಹಡಗಿನ ಕಟಕಟೆಯ ಬಳಿ ಯಾರೋ ನಿಂತಿರುವುದು ಕಂಡಿತು. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ಲು. ಇಡೀ ಸ್ಕಾಟ್‌ಲೆಂಡಿನಲ್ಲಿ ಅದು ಇನ್ಯಾರ ಹೆಗಲ ಮೇಲಿರುತ್ತೆ? "ರೀ!" ಎಂದು ಕಿರುಚಿದೆ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಗಾಳಿಗೆ ನನ್ನ ಕೂಗು ಎತ್ತ ಹೋಯಿತೋ. ಸೆರಗಿನ ಮೇಲೆ ಹಾಕಿದ್ದ ಶಾಲು ಬಿಚ್ಚಿ ಬೀಸಿದೆ.

ಅವರಿಗೆ ಕಂಡಿತು. ಕೈ ಮುಂದೆ ಚಾಚಿ, ಅಂಗೈ ಕೆಳಮುಖ ಮಾಡಿ, ಗಾಳಿಯನ್ನು ಮೆಲ್ಲಗೆ ಅದುಮಿದರು.

ಕೂತಿರು, ನಾನಿದ್ದೀನಿ.

ನನ್ನ ಎದೆ ಹಗುರಾಯಿತು. ಇನ್ನು ಗಾಬರಿಯಿಲ್ಲ. ದ್ವೀಪದಲ್ಲಿ ಇಳಿದವಳು ಅಲ್ಲೇ ಬೆಂಚಿನ ಮೇಲೆ ಸೂಟ್‌ಕೇಸುಗಳ ನಡುವೆ ಕೂತೆ. ಕದಲಲಿಲ್ಲ. ಅವರ ಹಡಗು ಆಚೆ ದಡ ಮುಟ್ಟಿ ಮತ್ತೆ ತಿರುಗಿ ಬರುವವರೆಗೆ ಟೀ ಕುಡಿದೆ, ಕಡಲ ಹಕ್ಕಿಗಳನ್ನು ಓಡಿಸಿದೆ, ಬೈಗುಳಗಳನ್ನು ಮತ್ತೆ ಜೋಡಿಸಿಕೊಂಡೆ. ಬರುತ್ತಾರೋ ಇಲ್ಲವೋ ಎಂಬ ಅನುಮಾನ ಮಾತ್ರ ಬರಲಿಲ್ಲ.

ಬಂದರು. ಎಲ್ಲರಿಗಿಂತ ಮೊದಲು ಇಳಿದು, ಓಡಿಕೊಂಡೇ ಬಂದರು. ಕಣ್ಣು ಕೆಂಪಗಿತ್ತು. (ಗಾಳಿಗೆ ಅಂದರು. ನಾನೂ ಗಾಳಿಗೇ ಅಂದೆ.) ಅಷ್ಟೊತ್ತು ಜೋಡಿಸಿಟ್ಟುಕೊಂಡಿದ್ದ ಬೈಗುಳದಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅವರು ಆಡಿದ ಮೊದಲ ಮಾತು: "ಎಂಥಾ ಸೀಟು ಇಡ್ದಿದ್ದೆ ಗೊತ್ತಾ? ಕಿಟಕಿ ಪಕ್ಕದ್ದು!"

ಇಂಥವರನ್ನು ಏನು ಮಾಡ್ತೀರಿ ಹೇಳಿ?

ನಮ್ಮ ಕಡೆ ಗಂಡಸರಿಗೆ ಪ್ರೀತಿಯಿಲ್ಲ ಅಂತಲ್ಲ. ಅವರ ಪ್ರೀತಿ ಯಾವಾಗಲೂ ಹತ್ತು ಹೆಜ್ಜೆ ಮುಂದಿರುತ್ತದೆ. ಡಾಕ್ಟರ ಹತ್ತಿರ ಮುಂಚೆ ಹೋಗಿ ಟೋಕನ್ ತೆಗೆಸಿಡುತ್ತಾರೆ, ಒಳಗೆ ನಾವು ಒಬ್ಬರೇ ಹೋಗಬೇಕು. ಮದುವೆ ಊಟದಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಕುರ್ಚಿ ಹಿಡಿದು ನಮ್ಮನ್ನು ಕೂರಿಸಿ, ತಾವು ಕೊನೇ ಪಂಕ್ತಿಗೆ ಹೋಗುತ್ತಾರೆ. ನಾವು ಕೇಳಿದ್ದು ಕುರ್ಚಿಯನ್ನೋ, ಪಕ್ಕದ ಕುರ್ಚಿಯಲ್ಲಿ ಅವರನ್ನೋ? ಇದನ್ನು ಬಾಯಿಬಿಟ್ಟು ಹೇಳದೆ ಮೂವತ್ತು ವರ್ಷ ಕಳೆದವಳು ನಾನು. ದ್ವೀಪದಿಂದ ವಾಪಸ್ ಹೊರಡುವ ದಿನ ಹೇಳಿದೆ.

"ನೋಡ್ರೀ, ನನಗೆ ಸೀಟು ಬೇಡ. ನಿಂತುಕೊಂಡಾದರೂ ಬರ್ತೀನಿ. ನೀವು ನನ್ನ ಜೊತೆ ನಡೀರಿ."

ಅವರು ಟವೆಲ್ಲನ್ನು ಮಡಚಿ ನನ್ನ ಕೈಗೆ ಕೊಟ್ಟು ಎರಡೂ ಸೂಟ್‌ಕೇಸನ್ನು ತಾವೇ ತೆಗೆದುಕೊಂಡರು. ನನ್ನ ಮಂಡಿಯ ವೇಗಕ್ಕೇ ನಡೆದರು. ಹಡಗಿನಲ್ಲಿ ಪಕ್ಕದಲ್ಲಿ ಕೂತರು. ಮೊದಲು ಕೈ ಎಲ್ಲಿಡಬೇಕೆಂದೇ ಗೊತ್ತಾಗಲಿಲ್ಲ. ಯಾರಾದರೂ ವಯಸ್ಸಾದವರು ನಿಂತಿದ್ದಾರಾ ಎಂದು ಆಸೆಯಿಂದ ಸುತ್ತ ನೋಡಿದರು. ಯಾರೂ ಇರಲಿಲ್ಲ. ಕೊನೆಗೆ, "ಈ ನೀರು ನಮ್ ಕಪಿಲೇಷ್ಟು ಚೆಂದಿಲ್ಲ ಬುಡು" ಎಂದು ತೀರ್ಪು ಕೊಟ್ಟು, ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದರು. ಒಂದೇ ಕಿಟಕಿಯಿಂದ ಇಬ್ಬರೂ ನೋಡಬೇಕೆಂಬ ಆಸೆ ಅರ್ಧ ಮಾತ್ರ ನೆರವೇರಿತು. ಆದರೂ ನಾನು ದಡ ಬರುವವರೆಗೆ ಹೆಗಲು ಅಲ್ಲಾಡಿಸಲಿಲ್ಲ.

ಇಷ್ಟಾದ ಮೇಲೆ ಬುದ್ಧಿ ಬಂದಿರಬೇಕಲ್ಲ? ಕಳೆದ ವಾರ ನರಸೀಪುರದಲ್ಲಿ ನನ್ನ ತಮ್ಮನ ಮನೆ ಗೃಹಪ್ರವೇಶ. ಬಸ್ಸು ಬಂತು. ಇವರು ಓಡಿದರು. ಆದರೆ ಈ ಸಲ ಟವೆಲ್ಲನ್ನು ಎರಡು ಸೀಟಿಗೂ ಆಗುವಂತೆ ಹಾಸಿದ್ದರು. ನಾನು ಹತ್ತಿದಾಗ ನನ್ನ ಪಕ್ಕದಲ್ಲೇ ಕೂತರು. ನಂಜನಗೂಡಿನವರೆಲ್ಲ ನೋಡುತ್ತಿರುವಾಗ!

ಬಸ್ಸು ಊರು ದಾಟುವ ಮೊದಲೇ ಕೈಚೀಲ ಹಿಡಿದ ಅಜ್ಜಿಯೊಬ್ಬರು ಹತ್ತಿದರು. ನಾನು ಕಿಟಕಿಯ ಆಚೆ ನೋಡಿದೆ. ನಮ್ಮವರು ಇದಕ್ಕೇ ಕಾಯುತ್ತಿದ್ದವರಂತೆ ಎದ್ದು, "ಬಾವ್ವಾ, ಕೂತ್ಕೊ" ಎಂದು ಹಿಂದಕ್ಕೆ ಹೋಗಿ ಕಂಬಿ ಹಿಡಿದರು.

ಸ್ವಲ್ಪ ಹೊತ್ತಿಗೆ ಅಜ್ಜಿ ಕೇಳಿದರು, "ಯಾರವ್ವ ಅದು? ಆಗ್ಲಿಂದ್ಲೂ ಇತ್ಲಾಗೇ ನೋಡ್ತಾವ್ನೆ?"

"ನಮ್ಮನೆಯೋರು ಕಣಜ್ಜಿ."

"ಅಯ್ಯೋ, ನಿನ್ ಗಂಡನ ಸೀಟಾ ಇದು? ಮೊದ್ಲೇ ಯೋಳ್‌ಬಾರ್ದಾ? ನಾ ಮುಂದ್ಲ ಸ್ಟಾಪಲ್ಲೇ ಇಳ್ಕತೀನಿ, ಕರ್ಕೊ ಅವ್ನ."

ಅಜ್ಜಿ ಇಳಿದರು. ಖಾಲಿಯಾದ ಸೀಟಿಗೆ ನಾನೇ ಟವೆಲ್ ಹಾಸಿದೆ. ಹಿಂದೆ ತಿರುಗಿ, ಸೀಟು ತೋರಿಸಿ, ಬನ್ನಿ ಎಂದು ಕೈ ಮಾಡಿದೆ. ಅವರು ನೋಡಿದರು. ನಕ್ಕರು. ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಮೆಲ್ಲಗೆ ಅದುಮಿದರು.

ಅಲ್ಲ, ಎರಡು ಹಡಗುಗಳ ನಡುವೆ ಅರ್ಥವಾಗುವ ಸನ್ನೆ, ನಾಲ್ಕು ಸೀಟಿನ ದೂರದಲ್ಲಿ ಇವರಿಗೆ ಯಾಕ್ರೀ ಅರ್ಥವಾಗಲ್ಲ?