ಮೂರು ವರ್ಷಕ್ಕೆಂದು ಹೋದವಳು

ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ನಾವಿದ್ದ ಫ್ಲ್ಯಾಟಿನಲ್ಲಿ ಹೀಟರ್ ಇದ್ದದ್ದು ಒಂದೇ ಕೋಣೆಗೆ. ಹಾಗಾಗಿ ನಾನೂ ನನ್ನ ಫಿಲಿಪ್ಪೀನ್ಸ್‌ನ ಗೆಳತಿಯೂ ಚಳಿಗಾಲವಿಡೀ ಅಲ್ಲೇ ಕೂತು ವಾದ ಮಾಡಿದ್ದೇವೆ. ವಿಶ್ವವಿದ್ಯಾಲಯದ ಚರ್ಚಾ ತಂಡದಲ್ಲಿ ನಮ್ಮಿಬ್ಬರದೇ ಜೋಡಿ. ಪರವೋ ವಿರೋಧವೋ ಎಂಬುದನ್ನು ಟಾಸ್ ನಿರ್ಧರಿಸುತ್ತದೆ. ಸಿಕ್ಕಿದ್ದನ್ನು ಹುಟ್ಟಿನಿಂದ ನಂಬಿದವರ ಹಾಗೆ ವಾದಿಸಬೇಕು. ಈ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸಹೋದೆ ಎನ್ನಬೇಕೋ, ಮೋಸವೇ ನಡೆದಿಲ್ಲ ಎನ್ನಬೇಕೋ, ಇವತ್ತಿಗೂ ಬಗೆಹರಿದಿಲ್ಲ.

ಅವಳ ಅಜ್ಜ ಪ್ರಾಂತ್ಯದ ಗವರ್ನರ್ ಆಗಿದ್ದವರು, ಅಪ್ಪ ಸಂಸತ್ ಸದಸ್ಯ, ಅಣ್ಣ ಊರಿನ ಮೇಯರ್. ಒಂದು ಸಲ ಸ್ಪರ್ಧೆಗೆ ಬಂದ ವಿಷಯ, ರಾಜಕೀಯ ಮನೆತನದವರು ಚುನಾವಣೆಗೆ ನಿಲ್ಲದಂತೆ ಕಾನೂನು ಬೇಕೇ ಎಂಬುದು. ಟಾಸಿನಲ್ಲಿ ನಮಗೆ ಬಂದದ್ದು ಪರ. ಅವಳು ಎದ್ದು ನಿಂತು, ತಮ್ಮೂರಿನ ಆಂಬುಲೆನ್ಸಿನ ಮೇಲೆ, ಬಸ್ ನಿಲ್ದಾಣದ ಮೇಲೆ, ಶಾಲೆ ಮಕ್ಕಳ ಚೀಲದ ಮೇಲೆ ತನ್ನ ಅಪ್ಪನ ಮುಖವಿದೆ ಅಂದಳು. "ಚಿಕ್ಕವಳಿದ್ದಾಗ ನಾನು ಕಳೆದುಹೋದರೆ ಜನ ಹೆಸರು ಕೇಳುತ್ತಿರಲಿಲ್ಲ, ಮೂಗು ನೋಡಿ ಮನೆಗೆ ತಂದು ಬಿಡುತ್ತಿದ್ದರು." ಸಭೆ ನಕ್ಕಿತು. ಆಮೇಲೆ ಅವಳು ನಗದೆ ಹೇಳಿದ ಮಾತುಗಳಿಗೆ ಸುಮ್ಮನಾಯಿತು. ನಾವು ಗೆದ್ದೆವು.

ಮರುವರ್ಷ ಅವಳಿಗೆ ಮನೆಯಿಂದ ಕರೆ ಬಂತು. ಅವರ ದೇಶದಲ್ಲಿ ಒಂದು ಹುದ್ದೆಯಲ್ಲಿ ಒಬ್ಬರೇ ಮೂರು ಅವಧಿಗಿಂತ ಹೆಚ್ಚು ಸತತವಾಗಿ ಇರುವಂತಿಲ್ಲ. ಅದಕ್ಕೆ ಮನೆತನಗಳು ಕಂಡುಕೊಂಡಿರುವ ಉಪಾಯ, ನಡುವೆ ಒಂದು ಅವಧಿಗೆ ಮನೆಯವರನ್ನೇ ಯಾರನ್ನಾದರೂ ಕೂರಿಸುವುದು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಅಪ್ಪನ ಮೂರನೆಯ ಅವಧಿ ಮುಗಿಯುತ್ತಿತ್ತು. ಈ ಸಲದ ಟವೆಲ್ ಇವಳು.

"ಮೂರೇ ವರ್ಷ ಕಣೇ," ಅಂದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅವಳು ಮೈಸೂರಿನವಳ ಹಾಗೆ ಮಾತಾಡುತ್ತಾಳೆ. "ಆಮೇಲೆ ಅಪ್ಪನೂ ನಿಲ್ಲಲ್ಲ, ನಾನೂ ನಿಲ್ಲಲ್ಲ. ನಮ್ಮನೇವ್ರಲ್ಲದೇ ಇರೋರನ್ನ ನಿಲ್ಲಿಸ್ತೀನಿ."

"ಅದಕ್ಕೇನು ಸಾಕ್ಷಿ?"

"ನೀನೇ ಸಾಕ್ಷಿ. ನಿನ್ನ ಹತ್ರ ಮಾತು ತಪ್ಪಿ ಬದುಕೋಕಾಗತ್ತಾ?"

ತಂಡದ ಉಳಿದವರು ಅವಳ ಬೆನ್ನ ಹಿಂದೆ ನಕ್ಕರು. ನಾನು ನಗಲಿಲ್ಲ, ಅವಳ ಪರವಾಗಿ ಎಲ್ಲರೊಂದಿಗೂ ಜಗಳವಾಡಿದೆ. ಯಾವುದನ್ನೂ ಸುಲಭಕ್ಕೆ ನಂಬದವಳೆಂದು ಹೆಸರು ಮಾಡಿದ್ದ ನಾನು ಒಬ್ಬಳ ಮಾತಿಗೆ ಜಾಮೀನು ನಿಂತದ್ದು ಅದೇ ಮೊದಲು.

ಅವಳು ಗೆದ್ದಳು. ಅವಳ ಭಾಷಣಗಳನ್ನು ಫೋನಿನಲ್ಲಿ ನೋಡುತ್ತಿದ್ದೆ. ಹೊರದ್ವೀಪಗಳಿಗೆ ಆಸ್ಪತ್ರೆ ದೋಣಿ ಬೇಕೆಂದು ಹಟ ಹಿಡಿದು ತಂದಳು. ದೋಣಿಯ ಮೇಲೆ ಯಾರ ಮುಖವೂ ಇರಲಿಲ್ಲ. ಅದರ ಫೋಟೋ ನನಗೇ ಮೊದಲು ಕಳಿಸಿದಳು. ಕಚೇರಿ ನೋಡಿಕೊಳ್ಳಲು ನಿವೃತ್ತ ಮೇಷ್ಟರೊಬ್ಬರನ್ನು ಇಟ್ಟುಕೊಂಡಿದ್ದಳು. "ಮುಂದಿನ ಸಲ ಇವರೇ," ಎಂದು ಬರೆದಿದ್ದಳು. ನನ್ನ ಜಾಮೀನು ಉಳಿಯಿತು ಅಂದುಕೊಂಡೆ.

ಅವಳ ಅವಧಿಯ ಕೊನೆಯ ವರ್ಷ, ಆಕ್ಲೆಂಡಿನಲ್ಲಿರುವ ತಮ್ಮ ಪ್ರಾಂತ್ಯದವರನ್ನು ನೋಡಲು ಬಂದಳು. ಅಲ್ಲಿನ ತಕಾನಿನಿ ಬಡಾವಣೆಯ ಒಂದು ಸಭಾಂಗಣದಲ್ಲಿ ಸಂಜೆ ಸಭೆ. ಓದು ಮುಗಿಸಿ ನಾನೂ ಅಲ್ಲೇ ಹತ್ತಿರ ಅಮ್ಮನ ಜೊತೆಗಿದ್ದೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ನರ್ಸ್ ಆಗಿರುವ ನನ್ನ ಅಮ್ಮನ ವಾರ್ಡಿನಲ್ಲಿ ಅವಳ ಊರಿನವರೇ ಕೆಲವರಿದ್ದಾರೆ. ಹಾಗಾಗಿ ಅಮ್ಮನಿಗೂ ಸಂಜೆಗೆ ಆಹ್ವಾನವಿತ್ತು.

"ಎಷ್ಟು ಸಣ್ಣಗಾಗಿದೀಯಮ್ಮ, ನಿಮ್ ಪಾರ್ಲಿಮೆಂಟಲ್ಲಿ ಊಟ ಹಾಕಲ್ವಾ?" ಎಂದು ಅಮ್ಮ ಬಿಸಿಬೇಳೆಬಾತ್ ಬಡಿಸಿದಳು.

"ಬರೀ ಭಾಷಣ ಬಡಿಸ್ತಾರೆ ಆಂಟಿ."

ಪಾತ್ರೆ ತೊಳೆಯುವ ನೆಪದಲ್ಲಿ ಅವಳನ್ನು ಸಿಂಕಿನ ಹತ್ತಿರ ಹಿಡಿದೆ. ಮೇಷ್ಟರು ನಿಲ್ಲುತ್ತಾರಾ ಎಂದು ಕೇಳಿದೆ.

"ಸಂಜೆ ಹೇಳ್ತೀನಿ."

"ನೀನೇ ಅವತ್ತು ಡಿಬೇಟಲ್ಲಿ..."

"ಅದು ಟಾಸಲ್ಲಿ ಬಂದಿದ್ದು ಕಣೇ."

"ಮೂಗಿನ ಮಾತು?"

"ಮೂಗು ನಿಜ. ತೀರ್ಮಾನ ಟಾಸಿಂದು." ಹೇಳಿ ತಟ್ಟೆ ಒರೆಸತೊಡಗಿದಳು.

ಸಂಜೆ ಸಭೆಯಲ್ಲಿ ನರ್ಸ್ ಒಬ್ಬರು, ಮುಂದಿನ ಸಲ ಯಾರು ನಿಲ್ಲುತ್ತಾರೆ ಎಂದು ಕೇಳಿದರು. ಅವಳು ತಡವರಿಸದೆ ಉತ್ತರಿಸಿದಳು. ಅಪ್ಪ ಸಂಸತ್ತಿಗೆ ವಾಪಸು ನಿಲ್ಲುತ್ತಾರೆ. ಅಣ್ಣನಿಗೂ ಮೇಯರ್ ಆಗಿ ಮೂರು ಅವಧಿ ತುಂಬಿತು, ಅಲ್ಲಿಗೆ ತಾನು. ಚಪ್ಪಾಳೆಯ ನಡುವೆ ನಾನು ಎದ್ದು ಕೈ ಎತ್ತಿದೆ. ಚರ್ಚೆಯಲ್ಲಿ ಎದುರಾಳಿಯ ಮಾತಿನ ಮಧ್ಯೆ ಪ್ರಶ್ನೆ ಕೇಳಬೇಕಾದರೆ ಹಾಗೆ ನಿಲ್ಲುತ್ತೇವೆ. ಒಪ್ಪುವುದು ಬಿಡುವುದು ಮಾತಾಡುವವರಿಗೆ ಬಿಟ್ಟದ್ದು. ಅವಳು ನೋಡಿದಳು, ಕೇಳು ಎನ್ನುವಂತೆ ತಲೆಯಾಡಿಸಿದಳು.

"ಬೇರೆ ಯಾರಿಗೂ ನಿಲ್ಲೋ ಮನಸ್ಸಿರಲಿಲ್ವಾ?"

"ಇತ್ತು. ನಮ್ಮ ಮೇಷ್ಟರಿಗೆ. ನಾನೇ ಬೇಡ ಅಂದೆ."

ಸುಳ್ಳು ಹೇಳಿದ್ದರೆ ಹಿಡಿಯಬಹುದಿತ್ತು. ಅವಳು ಮುಂದುವರಿಸಿದಳು: ಬಿರುಗಾಳಿ ಎದ್ದಾಗ ಜನ ಓಡಿ ಬರುವುದು ತಮ್ಮ ಮನೆಯ ಗೇಟಿಗೆ, ಮೇಷ್ಟರ ಮನೆಗಲ್ಲ. ಅಪ್ಪನನ್ನು ಎದುರು ಹಾಕಿಕೊಂಡು ಮೇಷ್ಟರು ಸೋತರೆ ಆಸ್ಪತ್ರೆ ದೋಣಿ ದಡದಲ್ಲೇ ಕೊಳೆಯುತ್ತದೆ. ತಾನು ಮೇಯರ್ ಆದರೆ ಅದು ಓಡುತ್ತಿರುತ್ತದೆ. "ನಾನು ಒಬ್ಬಳಿಗೆ ಮಾತು ಕೊಟ್ಟಿದ್ದೆ. ಅದನ್ನ ಮುರೀತಿದೀನಿ," ಎಂದು ನನ್ನನ್ನೇ ನೋಡಿ ಅಂದಳು.

ಜನರು ಬರುವ ಗೇಟು ಒಂದೇ ಆಗುವಂತೆ ಮಾಡಿದವರು ಯಾರು, ಎಂದು ನಾನು ತಿರುಗಿ ಕೇಳಬೇಕಿತ್ತು. ಅದು ಹೊಳೆಯಿತು ಕೂಡ. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಅದೇ ನರ್ಸ್ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ದೋಣಿಯಲ್ಲೇ ಅವರ ತಾಯಿಯನ್ನು ಆಸ್ಪತ್ರೆಗೆ ಸಾಗಿಸಿದ್ದರಂತೆ, ಅಮ್ಮ ಪಿಸುಗುಟ್ಟಿದಳು. ನಾನು ಕೂತೆ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಕೇಳಿದಳು, "ಏನೇ, ಬಾಯಿ ಕಟ್ಹೋಯ್ತಾ?"

"ಯೋಚಿಸ್ತಿದೀನಿ."

"ನೀನು ಆ ಊರಲ್ಲಿದ್ದಿದ್ರೆ ವೋಟ್ ಯಾರಿಗೆ ಹಾಕ್ತಿದ್ದೆ?"

"ಅವಳಿಗೇ."

"ಮತ್ತಿನ್ನೇನು?"

"ಅವಳು ನಿಲ್ಲಬಾರದು ಅಮ್ಮ."

"ಇದ್ಯಾವ ಸೀಮೆ ವಾದ ಅಂತ," ಎಂದು ಅಮ್ಮ ಇಂಡಿಕೇಟರ್ ಹಾಕಿದಳು.

ಎರಡೂ ವಾಕ್ಯಗಳನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ಯಾವುದನ್ನು ಬಿಟ್ಟುಕೊಟ್ಟರೂ ನಾನು ಸುಳ್ಳುಗಾತಿಯಾಗುತ್ತಿದ್ದೆ. ಮನೆ ಬಂದರೂ ಸೀಟ್ ಬೆಲ್ಟ್ ಬಿಚ್ಚದೆ ಕೂತಿದ್ದೆ.