ಹಿತಕಿದ ಅವರೆಬೇಳೆಯ ಮೂರು ಅಂಗಡಿಗಳು

ನಮ್ಮ ಮೂರು ಅಂಗಡಿಗಳ ಮಾಲೀಕ ನನ್ನ ಅಣ್ಣ. ಲೈಸೆನ್ಸಿನಲ್ಲಿ ಹಾಗಿತ್ತು, ಬೋರ್ಡಿನ ಮೂಲೆಯಲ್ಲೂ ಹಾಗೇ ಬರೆಸಿತ್ತು. ಬೆಳಿಗ್ಗೆ ಷಟರ್ ಎತ್ತುತ್ತಿದ್ದವಳು, ಸರಕು ತರಿಸುತ್ತಿದ್ದವಳು, ಫ್ರೀಜರಿನೊಳಗೆ ಕಟ್ಟಿದ ಮಂಜು ಕೆರೆದು ಬೆರಳು ಮರಗಟ್ಟಿಸಿಕೊಂಡವಳು ನಾನು. ಇಷ್ಟು ವರ್ಷ ಕಳೆದರೂ ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಗೆ ತುಮಕೂರಿನಲ್ಲಿ ಅಪ್ಪನ ದಿನಸಿ ಅಂಗಡಿ ಅಣ್ಣನ ಪಾಲಿಗೆ ಬಂತು. ಅವನಿಗೆ ಅಡಿಕೆ ವ್ಯಾಪಾರದ ಹುಚ್ಚು, ಅರ್ಧ ತಿಂಗಳು ಶಿವಮೊಗ್ಗದಲ್ಲೇ ಇರುತ್ತಿದ್ದ. ನನ್ನ ಗಂಡ ಸರ್ಕಾರಿ ಶಾಲೆಯ ಮೇಷ್ಟರು, ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವು, ಬಿ.ಕಾಂ. ಓದಿದ ನಾನು ಮನೆಯಲ್ಲಿ ಸುಮ್ಮನಿದ್ದೆ. "ಸ್ವಲ್ಪ ದಿನ ನೋಡ್ಕೊಳ್ಳೇ" ಅಂದ ಅಣ್ಣ. ಅದೇ ವರ್ಷ ಬೆಂಗಳೂರಿನ ಏಜೆಂಟನೊಬ್ಬ ಒಂದು ಡೀಪ್ ಫ್ರೀಜರನ್ನೂ ಹಸಿರು ಬಟಾಣಿಯ ಪ್ಯಾಕೆಟ್ಟುಗಳನ್ನೂ ನಮ್ಮಲ್ಲಿ ಇಳಿಸಿ ಹೋದ. ಕೊಳ್ಳುವವರಿಲ್ಲ. ಬಂದ ಹೆಂಗಸರು ಪ್ಯಾಕೆಟ್ಟು ಮುಟ್ಟಿ, ಕಲ್ಲಿನ ಹಾಗಿದೆ ಎಂದು ಕೈ ಸೆರಗಿಗೆ ಒರೆಸಿಕೊಂಡು ಹೋಗುತ್ತಿದ್ದರು.

ಆ ಚಳಿಗಾಲದಲ್ಲಿ ಮನೆಯಲ್ಲಿ ಹಿತಕಿದ ಅವರೆಬೇಳೆ ಮಿಕ್ಕಿತ್ತು. ನೆನೆಸಿದ ಕಾಳನ್ನು ಒಂದೊಂದಾಗಿ ಹಿಸುಕಿ ಸಿಪ್ಪೆ ತೆಗೆದ ಬೇಳೆ, ಎಸೆಯಲು ಮನಸ್ಸು ಬರಲಿಲ್ಲ. ಕವರಿಗೆ ಹಾಕಿ ಫ್ರೀಜರಿನ ತಳದಲ್ಲಿಟ್ಟು ಮರೆತೆ. ಜೂನ್ ತಿಂಗಳಲ್ಲಿ ಸಿಕ್ಕಿತು. ಸಾರು ಮಾಡಿದರೆ ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿ, "ಈ ಕಾಲ್ದಲ್ಲಿ ಅವರೆ ಎಲ್ಲಿ ಸಿಕ್ತು?" ಎಂದರು.

ಮುಂದಿನ ಅವರೆ ಸೊಗಡಿನ ಕಾಲಕ್ಕೆ, ಬೇಳೆ ಹಿತಕಲು ಚೇಳೂರಿನಿಂದ ಆರು ಜನ ಹೆಂಗಸರನ್ನು ಕರೆಸಿದೆ. ಅವರಲ್ಲಿ ಹಿರಿಯಳು ಕೆಲಸ ಏನೆಂದು ತಿಳಿದು ನಕ್ಕಳು. "ಏನವ್ವಾ, ಅವ್ರೆಬೇಳೇನ ಐಸಿಗಾಕ್ತೀಯಾ? ಯಾರ್ ತಗೋತಾರೆ ಬುಡು!"

ತೆಗೆದುಕೊಂಡರು. ಆಷಾಢದಲ್ಲಿ ಅವರೆಬೇಳೆ ಸಿಗುತ್ತದೆಂಬ ಸುದ್ದಿ ಹರಡಲು ಜಾಹೀರಾತು ಬೇಕಾಗಲಿಲ್ಲ. ಬೇಳೆಗೆ ಬಂದವರು ಬಟಾಣಿ, ಜೋಳ, ಪರೋಟ ಎಲ್ಲ ಒಯ್ದರು. ಎರಡು ವರ್ಷಕ್ಕೆ ಗುಬ್ಬಿಯಲ್ಲಿ ಇನ್ನೊಂದು ಅಂಗಡಿ, ಅದರ ಮರುವರ್ಷ ಕುಣಿಗಲ್ಲಿನಲ್ಲಿ ಮೂರನೆಯದು. ಹೆದ್ದಾರಿಯಲ್ಲಿ ಹೋಗುವ ಕಾರುಗಳು ಅಲ್ಲಿ ನಿಂತು ಐಸ್‌ಕ್ರೀಮಿನ ಜೊತೆಗೆ ಬೇಳೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದವು. ನಾನು ವಾರಕ್ಕೆರಡು ದಿನ ಗುಬ್ಬಿ, ಎರಡು ದಿನ ಕುಣಿಗಲ್ ಎಂದು ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಗುಬ್ಬಿಯದಕ್ಕೆ ಲೈಸೆನ್ಸ್ ಮಾಡಿಸುವಾಗಲೇ, ನನ್ನ ಹೆಸರಿನಲ್ಲಿ ಮಾಡಿಸೋಣವೇ ಎಂದು ಕೇಳಿದ್ದೆ. ಅಣ್ಣ ನಕ್ಕುಬಿಟ್ಟ.

"ನಿಮ್ಮನೆಯವ್ರು ಸರ್ಕಾರಿ ಮೇಷ್ಟ್ರು ಕಣೇ. ಹೆಂಡ್ತಿ ಹೆಸ್ರಲ್ಲಿ ವ್ಯಾಪಾರ ಅಂದ್ರೆ ಯಾವನಾದ್ರೂ ಮೂಗರ್ಜಿ ಬರೀತಾನೆ. ಸುಮ್ನೆ ನನ್ ಹೆಸ್ರಲ್ಲೇ ಇರ್ಲಿ ಬಿಡು. ನಂದು ನಿಂದು ಅಂತ ಬೇರೆ ಇದ್ಯಾ?"

ಇಲ್ಲ ಎಂದುಕೊಂಡೆ. ನನ್ನ ಗಂಡ ಮಾತ್ರ, "ಇಲಾಖೆಗೆ ತಿಳಿಸಿ ಮಾಡಬಹುದಲ್ಲ" ಎಂದರು. ಅಣ್ಣನ ಮುಖಕ್ಕೆ ಹೊಡೆದ ಹಾಗಾಗುತ್ತದೆಂದು ನಾನೇ ಅವರ ಬಾಯಿ ಮುಚ್ಚಿಸಿದೆ.

ಇದರ ಬೆಲೆ ಗೊತ್ತಾಗಿದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಕುಣಿಗಲ್ ಅಂಗಡಿಯ ಮೀಟರ್ ಸುಟ್ಟುಹೋಯಿತು. ಕರೆಂಟ್ ಆಫೀಸಿಗೆ ಓಡಿದೆ. ಗುಮಾಸ್ತ ಫಾರಂ ಕೊಟ್ಟು ಸಮಾಧಾನವಾಗಿಯೇ ಹೇಳಿದ.

"ಮೀಟರ್ ಯಾರ ಹೆಸ್ರಲ್ಲಿದ್ಯೋ ಅವ್ರ ಸೈನ್ ಬೇಕಮ್ಮಾ."

"ಅಂಗಡಿ ನೋಡ್ಕೊಳ್ಳೋಳು ನಾನೇ ಸಾರ್. ಅಣ್ಣ ಊರಲ್ಲಿಲ್ಲ."

"ನೀವ್ ನೋಡ್ಕೋತೀರ ಸರಿ. ಓನರ್ ಅವ್ರಲ್ವಾ? ಬಂದ್ಮೇಲೆ ಹಾಕ್ಸಿ ತನ್ನಿ, ಅದೇ ದಿನ ಕೊಡಿಸ್ತೀನಿ."

ಅವನದೇನೂ ತಪ್ಪಿರಲಿಲ್ಲ. ಅದಕ್ಕೇ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಬೂತಿನಲ್ಲಿ ನಿಂತು ಶಿವಮೊಗ್ಗದ ಮಂಡಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಅಣ್ಣ ಸಾಗರದ ಕಡೆ ಹೋಗಿದ್ದಾನೆ ಎಂದರು. ಬಾಡಿಗೆಗೆ ತಂದ ಜನರೇಟರ್ ಒಂದು ದಿನ ಓಡಿ ನಿಂತಿತು. ಮೂರನೆಯ ದಿನ ಫ್ರೀಜರಿನ ಬಾಗಿಲು ತೆಗೆದರೆ ಹುಳಿ ವಾಸನೆ. ಸಂಕ್ರಾಂತಿಯಿಂದ ಉಳಿಸಿಕೊಂಡು ಬಂದಿದ್ದ ಬೇಳೆ ಅಂಟಂಟಾಗಿ ಕವರಿನೊಳಗೆ ಉಬ್ಬಿತ್ತು. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ಮೂಗು ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಅಳಲಿಲ್ಲ. ಇಬ್ಬರೂ ಸೇರಿ ಎಲ್ಲವನ್ನೂ ಚೀಲಗಳಿಗೆ ತುಂಬಿ ಊರಾಚೆ ಹಾಕಿಸಿ ಬಂದೆವು.

ಅಣ್ಣ ಬಂದ ಮೇಲೆ ಮೊದಲ ಸಲ ಜಗಳವಾಡಿದೆ. "ನನ್ನ ಹೆಸ್ರೂ ಸೇರ್ಸು. ಒಂದ್ ಅಂಗಡಿಗಾದ್ರೂ ಸೇರ್ಸು."

"ಸೇರಿಸ್ತೀನಿ ಕಣೇ, ನಾನೇನ್ ಬೇಡ ಅಂದ್ನಾ? ಈ ಸೀಸನ್ ಮುಗೀಲಿ" ಅಂದ. ಆ ಸೀಸನ್ ಮುಗಿಯಿತು, ಇನ್ನೊಂದೂ ಮುಗಿಯಿತು. ಹಬ್ಬಕ್ಕೆ ಸೀರೆ ಕೊಟ್ಟ, ನನ್ನ ಮಗಳನ್ನು ಕಾಲೇಜಿಗೆ ಸೇರಿಸಲು ಓಡಾಡಿದ. ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು.

ಎರಡು ಸಾವಿರದ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ ಇನ್‌ಶರ್ಟ್ ಮಾಡಿದ್ದ ಇಬ್ಬರು ತುಮಕೂರಿನ ಅಂಗಡಿಗೆ ಬಂದು, ಟೇಪು ಹಿಡಿದು ಗೋಡೆ ಅಳೆಯತೊಡಗಿದರು. ಏನೆಂದು ಕೇಳಿದೆ. ಒಬ್ಬ ವಿನಯವಾಗಿ, "ಓನರ್ ಜೊತೆ ಎಲ್ಲಾ ಮಾತಾಡಿ ಆಗಿದೆ ಮೇಡಂ. ಮೂರೂ ನಮ್ ಕಂಪ್ನಿ ತಗೊಂಡಿದೆ" ಎಂದ. ಕೈಯಲ್ಲಿದ್ದ ಬಟಾಣಿ ಪ್ಯಾಕೆಟ್ಟು ಕೆಳಗಿಟ್ಟು ನೇರ ಅಣ್ಣನ ಮನೆಗೆ ನಡೆದೆ. ಅವನು ಊಟಕ್ಕೆ ಕೂತಿದ್ದ.

"ನನಗೊಂದ್ ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳ್ಬೇಕು ಅಂತಾನೇ ಇದ್ದೆ. ಬಸ್ಸಲ್ಲಿ ಅಲ್ದು ಅಲ್ದು ಸೊರಗಿ ಹೋಗಿದೀಯ. ಅವ್ರು ನಿನ್ನನ್ನೇ ಮ್ಯಾನೇಜರ್ ಮಾಡ್ತಾರೆ, ಮಾತಾಡಿದೀನಿ."

"ನನ್ನ ಅಂಗಡೀಲಿ ನನಗೆ ಕೆಲ್ಸ ಕೊಡಿಸ್ತೀಯ?"

ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. "ನಿನ್ನ ಅಂಗಡಿ ಅಂದ್ರೆ?" ಎಂದ. ಅತ್ತಿಗೆ ಮಜ್ಜಿಗೆ ತಂದಿಟ್ಟರು. ಮುಟ್ಟದೆ ಎದ್ದು ಬಂದೆ.

ಆದರೂ ಆ ಕೆಲಸಕ್ಕೆ ಸೇರಿದೆ. ಬೇರೆ ಏನೂ ತೋಚಲಿಲ್ಲ. ಸೀರೆಯ ಮೇಲೆ ಕಂಪನಿಯ ನೀಲಿ ಕೋಟು ಹಾಕಿಕೊಂಡು ಕೂತೆ. ಅವರೆಕಾಲ ಬಂದಾಗ ಚೇಳೂರಿನ ಹೆಂಗಸರು ಎಂದಿನಂತೆ ಬೆಳಗಿನ ಬಸ್ಸಿಗೆ ಬಂದಿಳಿದರು. ಒಳಗಿನಿಂದ ಕಂಪನಿಯವನು, "ಮೇಡಂ, ಅವರೆಬೇಳೆ ನಮ್ ಲಿಸ್ಟಲ್ಲಿಲ್ಲ, ಕಂಪ್ಯೂಟರ್ ತಗೊಳ್ಳಲ್ಲ" ಎಂದ. ಅದನ್ನು ಹೊರಗೆ ಬಂದು ನಾನೇ ಹೇಳಬೇಕಾಯಿತು.

ಹಿರಿಯಳು ನನ್ನ ಕೋಟನ್ನೊಮ್ಮೆ ನೋಡಿದಳು. "ನೀನೂ ಕೂಲಿಗೇ ಇದೀಯೇನವ್ವಾ?" ಕುಹಕವಿರಲಿಲ್ಲ, ಸುಮ್ಮನೆ ಕೇಳಿದ್ದಳು. ಅವರಿಗೆ ಕಾಫಿ ಕುಡಿಸಿ ಬಸ್ಸು ಹತ್ತಿಸಿದೆ. ಆ ವಾರವೇ ಕೆಲಸ ಬಿಟ್ಟೆ.

ಬೇಳೆಯಿಲ್ಲದ ಗುಬ್ಬಿ ಅಂಗಡಿ ಮೊದಲು ಮುಚ್ಚಿತು, ಆಮೇಲೆ ಕುಣಿಗಲ್ಲಿನದು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಬೀಗ ಬಿದ್ದ ಷಟರನ್ನು ಬಸ್ಸಿನ ಕಿಟಕಿಯಿಂದ ನೋಡಿದಾಗಲೆಲ್ಲ ಇಳಿದು ಹೋಗಿ ಎತ್ತಿಬಿಡೋಣ ಎನಿಸುತ್ತಿತ್ತು.

ಅಣ್ಣ ಈಗಲೂ ನೆಂಟರ ಮುಂದೆ, "ಮೂರು ಅಂಗಡಿ ಕಟ್ಟಿ ನಿಲ್ಲಿಸ್ದೆ, ಒಳ್ಳೇ ಟೈಮಲ್ಲಿ ಕೊಟ್ಬಿಟ್ಟೆ" ಎನ್ನುತ್ತಾನೆ. ಹೋದ ವರ್ಷ ಒಂದು ಮದುವೆಯಲ್ಲಿ ತಡೆಯಲಾಗದೆ, "ಕಟ್ಟಿ ನಿಲ್ಲಿಸಿದ್ದು ನಾನು" ಎಂದೆ. ಎಲ್ಲರೂ ನಕ್ಕರು. ಅಣ್ಣ ತಂಗಿಯರ ತಮಾಷೆ ಎಂದುಕೊಂಡರು. ಅವನೂ ನಕ್ಕು ನನ್ನ ಹೆಗಲ ಮೇಲೆ ಕೈಯಿಟ್ಟ. ಆ ಕೈ ತೆಗೆಯಲು ನನ್ನಿಂದ ಆಗಲಿಲ್ಲ.