ವೈನಿ ಮಾರಿದ ಗಾಲಿ ಕುರ್ಚಿ

ಅವ್ವ ಬಚ್ಚಲದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ನಮ್ಮ ಮನೆಗೆ ಒಂದು ಗಾಲಿ ಕುರ್ಚಿ ಬಂತು. ಮಳೆಗಾಲವೆಲ್ಲ ಅವ್ವ ಅದರಲ್ಲೇ ಕೂತು ಕಾಳು ಆರಿಸಿದಳು, ಅದರಲ್ಲೇ ಕೂತು ನಮ್ಮನ್ನು ಬೈದಳು. ಚಳಿ ಕಳೆಯುವ ಹೊತ್ತಿಗೆ ಕೋಲು ಹಿಡಿದು ಅಂಗಳದವರೆಗೆ, ಆಮೇಲೆ ಓಣಿಯ ತುದಿಯ ಗಿರಣಿಯವರೆಗೆ ನಡೆಯತೊಡಗಿದಳು. ಕುರ್ಚಿ ಪಡಸಾಲೆಯ ಮೂಲೆ ಸೇರಿತು. ಒಗೆದು ತಂದ ಬಟ್ಟೆ ಹಾಕಲು ಅದೊಂದು ಜಾಗವಾಯಿತು.

"ಅದನ್ನ ಕಣ್ಣ ಮುಂದಿಂದ ತಗೀರಿ," ಅಂದಳು ಅವ್ವ. "ಅದನ್ನ ಕಂಡ್ರ ನನ್ನ ಕಾಲು ಮತ್ತ ನೋಯತೈತಿ."

ಮನೆಯ ಹಳೆಯ ಸಾಮಾನು ಮಾರುವ ಕೆಲಸ ವೈನಿಯದು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಕುರ್ತಕೋಟಿಯ ಹೆಣ್ಣುಮಗಳು. ಅಣ್ಣನಿಗೆ ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ನನಗೆ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಹಗಲು ಬೆಟಗೇರಿಯ ಮನೆಯನ್ನು ನಡೆಸುವವರು ವೈನಿಯೇ. ಫೋನಿನಲ್ಲಿ ಹಳೆಯ ವಸ್ತು ಕೊಳ್ಳುವ, ಮಾರುವ ಆ್ಯಪ್ ಒಂದನ್ನು ಹಾಕಿಕೊಂಡು, ಮಕ್ಕಳಿಗೆ ಗಿಡ್ಡವಾದ ಸೈಕಲ್, ತೊಟ್ಟಿಲು, ಅಟ್ಟದ ಮೇಲಿದ್ದ ಹಿತ್ತಾಳೆಯ ಹಂಡೆ, ಎಲ್ಲವನ್ನೂ ಒಂದೊಂದಾಗಿ ಬೇಕಾದವರ ಮನೆ ಮುಟ್ಟಿಸಿದ್ದರು.

ಅವರು ಬರೆಯುವ ರೀತಿ ನನಗೆ ಬಹಳ ಇಷ್ಟ. ಬೇರೆಯವರೆಲ್ಲ 'ಹೊಚ್ಚ ಹೊಸದರಂತಿದೆ' ಎಂದು ಬರೆಯುತ್ತಿದ್ದರೆ ವೈನಿ ಬರೆದದ್ದು ಹೀಗೆ: 'ಮಿಕ್ಸರ್ ಚಲೋ ಐತಿ. ಸಣ್ಣ ಜಾರಿನ ಮುಚ್ಚಳ ಸೀಳೈತಿ. ಖಾರ ಅರೆಯುವಾಗ ಸದ್ದು ಭಾಳ, ಕೂಸು ಮಲಗಿದ್ದರೆ ಏಳತೈತಿ.' ಆ ಮಿಕ್ಸರ್ ಸಂಜೆಯೊಳಗೆ ಹೋಯಿತು. ಕೊಳ್ಳಲು ಬಂದವರು, "ಇಷ್ಟು ಖರೆ ಬರದಾರಂದ್ರ ಬಾಕಿದ್ದೂ ಖರೆನ ಇರಬೇಕು ಅನಿಸ್ತರಿ" ಅಂದದ್ದು ನನಗೆ ನೆನಪಿದೆ.

ಗಾಲಿ ಕುರ್ಚಿಯನ್ನು ಮಾರಬೇಕೆನ್ನುವ ಹೊತ್ತಿಗೆ ಆ್ಯಪ್‌ನವರು ನಿಯಮ ಬದಲಿಸಿದ್ದರು. ಮೊದಲು ಎಲ್ಲವೂ ಪುಕ್ಕಟೆ ಇತ್ತು. ಈಗ ಹಾಕುವ ಪ್ರತಿ ವಸ್ತುವಿಗೂ ಶುಲ್ಕ. ಮಾರಾಟವಾದರೆ ಮಾರುವವರ ಹಣದಲ್ಲಿ ಒಂದು ಪಾಲು ಅವರಿಗೆ. ಕೊಳ್ಳುವವರ ಮೇಲೂ 'ಸುರಕ್ಷತೆ'ಯ ಹೆಸರಿನಲ್ಲಿ ಇನ್ನೊಂದಿಷ್ಟು. ನಮ್ಮ ಓಣಿಯಲ್ಲಿ ವೈನಿಯನ್ನು ನೋಡಿ ಮಾರಲು ಕಲಿತ ಹೆಂಗಸರು ಹಲವರಿದ್ದರು. ಅವರೆಲ್ಲ ಬಿಟ್ಟೇಬಿಟ್ಟರು. ಕೂಸಿನ ಬೂಟು, ಶಾಲೆಯ ಚೀಲ, ಲಟ್ಟಣಿಗೆ, ಇಂಥವನ್ನು ಮಾರಿದರೆ ಬರುವುದೆಲ್ಲ ಶುಲ್ಕಕ್ಕೇ ಹೋಗುತ್ತಿತ್ತು. ಎದುರು ಮನೆಯವಳು ಜಾಣತನ ಮಾಡಿ, ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಟೇಬಲ್ ಫ್ಯಾನಿಗೆ ಅಂಟಿಸಿ ಫೋಟೋ ಹಾಕಿದಳು. ಅವರು ಫೋಟೋವನ್ನೂ ತೆಗೆದರು, ಅವಳ ಖಾತೆಯನ್ನೂ ಮುಚ್ಚಿದರು.

ವೈನಿ ಮಾತ್ರ ಕನ್ನಡಕ ಹಾಕಿಕೊಂಡು ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಅಂಗಡಿ ಅವರದು, ಬಾಡಿಗಿ ಕೇಳ್ತಾರ. ಅದು ಖರೆನ," ಅಂದರು. "ಆದ್ರ ಕೂಸಿನ ಬೂಟಿಗೂ ಟ್ರ್ಯಾಕ್ಟರಿಗೂ ಒಂದ ಹಂಗ ಬಾಡಿಗಿ ಅಂದ್ರ ಬೂಟು ಯಾರು ಮಾರ್ತಾರ?"

ಅಂದಿನಿಂದ ಸಣ್ಣ ಸಾಮಾನನ್ನು ಬುಟ್ಟಿಯಲ್ಲಿ ಹಾಕಿ ಕಟ್ಟೆಯ ಮೇಲೆ ಇಟ್ಟರು. ಬೇಕಾದವರು ಒಯ್ಯಲಿ ಎಂದು. ಗಾಲಿ ಕುರ್ಚಿಯನ್ನು ಆ್ಯಪ್‌ನಲ್ಲೇ ಹಾಕಿದರು. ಕಟ್ಟೆಯ ಮೇಲಿಟ್ಟರೆ ಓಣಿಯವರಷ್ಟೇ ನೋಡುತ್ತಾರೆ, ಅದು ಬೇಕಾದವರು ಯಾವ ಊರಲ್ಲಿದ್ದಾರೋ ಯಾರಿಗೆ ಗೊತ್ತು ಅನ್ನುವುದು ಅವರ ವಿಚಾರ. 'ಎಡಗಡೆ ಬ್ರೇಕು ಸ್ವಲ್ಪ ಸಡಿಲ. ನಮ್ಮ ಅತ್ತೆಯವರು ಇದರಿಂದ ಎದ್ದು ನಡೆದಾರ' ಎಂದು ಬರೆದರು.

ಲಕ್ಷ್ಮೇಶ್ವರದಿಂದ ಒಬ್ಬರು ಕೇಳಿದರು. ಅವರ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ದರ ಮಾತಾಯಿತು. ಆದರೆ ಮರುದಿನ ಮುಂಜಾನೆ ಅವರ ಫೋನು ಬಂತು. ವೈನಿ ರೊಟ್ಟಿ ಬಡಿಯುತ್ತಿದ್ದರಿಂದ ನಾನೇ ಸ್ಪೀಕರ್ ಹಚ್ಚಿ ಹಿಡಿದಿದ್ದೆ.

"ಮೇಡಂ, ನಾ ಗಾದಿ ಹೊಲಿಯಾಂವ. ಹತ್ತಿ ತೂಕದಾಗ ಇವತ್ತಿನ ತನಕ ಯಾರಿಗೂ ಮೋಸ ಮಾಡಿಲ್ಲ. ನೀವು ನಿನ್ನಿ ಒಂದು ರೇಟ್ ಹೇಳಿ ಇವತ್ತ ಇನ್ನೊಂದು ತೋರಸ್ತೀರಲ್ಲ, ಇದು ಬರೋಬ್ಬರಿ ಏನು?"

ವೈನಿಯನ್ನು ಯಾರೂ ಸುಳ್ಳಿ ಅಂದದ್ದಿಲ್ಲ. ಹಿಟ್ಟಿನ ಕೈ ಹಾಗೇ ನಿಂತಿತು. ನಾನು ಏನೋ ಹೇಳಲು ಬಾಯಿ ತೆರೆದೆ. ವೈನಿ ಕಣ್ಣಲ್ಲೇ ಬೇಡವೆಂದರು.

"ಅಣ್ಣಾರ, ನೀವು ಒಮ್ಮೆ ಮನಿಗೆ ಬರ್ರಿ," ಅಂದರು. "ಕುರ್ಚಿನೂ ನೋಡ್ರಿ, ನನ್ನ ಫೋನೂ ನೋಡ್ರಿ. ಆಮ್ಯಾಲೆ ನನ್ನ ಬೈಯ್ರಿ."

ಭಾನುವಾರ ಅವರು ಬಂದರು. ಬಿಳಿ ಗಡ್ಡದ ಹಿರಿಯರು, ಅಂಗಿಯ ತೋಳಿನ ಮಡಿಕೆಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಚಹಾ ಕೊಟ್ಟು, ವೈನಿ ತಮ್ಮ ಫೋನನ್ನೂ ಅವರ ಫೋನನ್ನೂ ಟೀಪಾಯಿಯ ಮೇಲೆ ಜೋಡಿಸಿ ಇಟ್ಟರು. ಮಾತಾಡಿದ ದರಕ್ಕಿಂತ ಹೆಚ್ಚು ಅವರ ಫೋನಿನಲ್ಲಿತ್ತು. ವೈನಿಯ ಫೋನಿನಲ್ಲಿ ಕೈಗೆ ಸಿಗುವ ಹಣ ಮಾತಾಡಿದ್ದಕ್ಕಿಂತ ಕಡಿಮೆ ಇತ್ತು. ಇಬ್ಬರೂ ಅಲ್ಲಿಯವರೆಗೆ ತಮ್ಮ ತಮ್ಮ ಪರದೆಯನ್ನಷ್ಟೇ ನೋಡಿದ್ದರು.

ಅವ್ವ ಕುತ್ತಿಗೆ ಚಾಚಿ ಎರಡನ್ನೂ ನೋಡಿ, "ಹಂಗಾದ್ರ ನಡುವಿಂದು ಎಲ್ಲಿ ಹೋತು?" ಅಂದಳು.

ಹಿರಿಯರು ನಕ್ಕುಬಿಟ್ಟರು. ನಕ್ಕವರು ಕೂಡಲೇ ಗಂಭೀರರಾಗಿ, "ತಪ್ಪ ತಿಳಕೊಂಡೆ, ತಂಗಿ. ಮಾಫ್ ಮಾಡು," ಅಂದರು. ಮೇಡಂ ಹೋಗಿ ತಂಗಿ ಬಂದದ್ದನ್ನು ನಾನು ಗಮನಿಸಿದೆ. "ಇದನ್ನ ಕ್ಯಾನ್ಸಲ್ ಮಾಡೋಣು. ನಾ ಕೈಯಾಗ ಕೊಡ್ತೀನಿ, ನೀ ತಗೋ. ನಡುವಿನವರ ಗೊಡವಿ ಯಾಕ?"

ನನಗೂ ಅದೇ ಸರಿ ಅನಿಸಿತು. ಎಲ್ಲರೂ ಹಾಗೇ ಮಾಡುತ್ತಿದ್ದರು. ವೈನಿ ಒಪ್ಪಲಿಲ್ಲ.

"ಇಲ್ಲ ಅಣ್ಣಾರ. ನೀವು ಲಕ್ಷ್ಮೇಶ್ವರದಾಗ, ನಾ ಬೆಟಗೇರಿಯಾಗ. ನಮ್ಮನ್ನ ಭೇಟಿ ಮಾಡಿಸಿದ್ದು ಇದ. ಇದರ ಪಾಲು ಇದಕ್ಕ ಹೋಗ್ಲಿ. ಆದ್ರ ನೀವು ಮನಸಿನ್ಯಾಗ ಎಷ್ಟು ಅಂತ ಬಂದಿದ್ರಿ, ಅದಕ್ಕಿಂತ ಜಾಸ್ತಿ ನಿಮಗ ಬೀಳಬಾರದು."

ಕೂತಲ್ಲೇ ದರ ಇಳಿಸಿದರು. ಅವರ ಪರದೆಯ ಒಟ್ಟು ಮೊತ್ತ ಮೊದಲು ಮಾತಾಡಿದ ಅಂಕಿಗೆ ಬಂದು ನಿಲ್ಲುವವರೆಗೂ ಇಳಿಸಿದರು. ಹಿರಿಯರು ಬೇಡವೆಂದು ಬಹಳ ವಾದಿಸಿದರು. ವೈನಿ ಅದಾಗಲೇ ಕುರ್ಚಿಯನ್ನು ಬಾಗಿಲ ಕಡೆ ತಳ್ಳಿಕೊಂಡು ಹೊರಟಿದ್ದರು. ಹೋಗುವ ಮುಂಚೆ ಹಿರಿಯರು ಕುರ್ಚಿಯ ಆಸನವನ್ನು ಬೆರಳಿನಿಂದ ಒತ್ತಿ ನೋಡಿ, ಅವ್ವನನ್ನು ಕೇಳಿದರು: "ಯವ್ವಾ, ಈ ರೆಕ್ಸಿನ್ ಮ್ಯಾಲೆ ಹೆಂಗ ಕುಂತಿದ್ರಿ?"

"ಬೆವತು ಬೆವತು ಸಾಕಾಗಿತ್ತಪ್ಪ," ಅಂದಳು ಅವ್ವ.

ಕೆಲವು ದಿನಗಳ ಮೇಲೆ ವೈನಿಗೆ ಒಂದು ಫೋಟೋ ಬಂತು. ಅದೇ ಕುರ್ಚಿ, ಅದರ ಮೇಲೆ ಹಸಿರು ಪಟ್ಟೆಯ ಬಟ್ಟೆಯ ದಪ್ಪ ಹತ್ತಿ ಗಾದಿ, ಗಾದಿಯ ಮೇಲೆ ಅವರ ಹೆಂಡತಿ, ನಗುತ್ತ.

ಬೇಸಿಗೆಯಲ್ಲಿ ಆಕೆಯೂ ನಡೆದಾಡತೊಡಗಿದರು. ಹಿರಿಯರು ಫೋನು ಮಾಡಿ, "ಕುರ್ಚಿ ಖಾಲಿ ಆತು ತಂಗಿ. ಆ್ಯಪ್‌ನಾಗ ಹಾಕಾಕ ಮನಸಿಲ್ಲ. ಮತ್ತ ಯಾರ ಜೋಡಿ ಜಗಳ ಹಚ್ಚತೈತೋ ಏನೋ. ಯಾರಿಗರ ಬೇಕಿದ್ರ ಹೇಳು, ಹಂಗ ಕೊಡ್ತೀನಿ," ಅಂದರು. ಶಿರಹಟ್ಟಿಯಲ್ಲಿ ಖಾನಾವಳಿ ನಡೆಸುವ ಹೆಂಗಸೊಬ್ಬರು, ವೈನಿ ಕುರ್ಚಿ ಮಾರಲು ಹಾಕಿದ್ದಾಗ ತಡವಾಗಿ ಕೇಳಿದ್ದರು. ಕುರ್ಚಿ ಹೋಯಿತೆಂದಾಗ ಬಹಳ ನೊಂದುಕೊಂಡಿದ್ದರು. ವೈನಿ ಅವರನ್ನು ಮರೆತಿರಲಿಲ್ಲ. ಅವರ ಮುರಿದ ಕಾಲು ಇನ್ನೂ ಕೂಡಿರಲಿಲ್ಲ. ಗಾದಿಯ ಹಿರಿಯರು ತಾವೇ ಆಟೋದಲ್ಲಿ ಹೇರಿಕೊಂಡು ಹೋಗಿ ಶಿರಹಟ್ಟಿಗೆ ಮುಟ್ಟಿಸಿದರು. ಖಾನಾವಳಿಯಾಕೆ ಪುಕ್ಕಟೆ ತೆಗೆದುಕೊಳ್ಳಲು ಒಲ್ಲೆ ಅಂದರಂತೆ, ಇವರು ಹಣ ಮುಟ್ಟಲು ಒಲ್ಲೆ ಅಂದರಂತೆ. ಕೊನೆಗೆ ಒಂದು ಮುಂಜಾನೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಬಂದವು. ಕುರ್ಚಿಯಲ್ಲಿ ಕೂತೇ ಆಕೆ ಖಾನಾವಳಿ ನಡೆಸುತ್ತಿದ್ದಾರೆಂದು ತಿಳಿದು ನಮಗೆಲ್ಲ ಹಿಗ್ಗು.

ಆಕೆ ಗುಣವಾದ ಮೇಲೆ ಕುರ್ಚಿಯನ್ನು ಮುಂಡರಗಿಯ ಪರಿಚಯದವರಿಗೆ ಕೊಟ್ಟರು. ವೈನಿಗೆ ಹೇಳಿದ್ದು ಆಮೇಲೆ. ನಾವು ಅದರ ಚಿಂತೆ ಬಿಟ್ಟೆವು.

ಮಳೆ ಹಿಡಿದ ದಿನಗಳಲ್ಲಿ ಗಾದಿಯ ಹಿರಿಯರ ಫೋನು ಬಂತು.

"ತಂಗಿ, ನಮ್ಮ ಕುರ್ಚಿ ಮಾರಾಟಕ್ಕ ಬಂದೈತಿ! ಆ್ಯಪ್ ತಗದು ನೋಡು."

ನೋಡಿದೆವು. ಮುಂಡರಗಿ ಎಂದು ಬರೆದಿತ್ತು. ಹಸಿರು ಪಟ್ಟೆಯ ಗಾದಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಸಾಕಷ್ಟು ದೊಡ್ಡ ದರ. ಹಿರಿಯರು ಸಿಟ್ಟಿನಿಂದ ಕೂಗಾಡುತ್ತಿದ್ದರು: "ಧರ್ಮಕ್ಕ ಕೊಟ್ಟಿದ್ದನ್ನ ರೊಕ್ಕಕ್ಕ ಹಚ್ಯಾರ!" ನನಗೂ ಮೈ ಉರಿಯಿತು. ವೈನಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಕುರ್ಚಿ ಮಾರಾಕತ್ತಾರಂದ್ರ ಅದರಾಗ ಕುಂತವ್ರಿಗೆ ಏನಾಗೇತೋ," ಅಂದರು. "ಮೊದಲ ಅದನ್ನ ಕೇಳೋಣು."

ಶಿರಹಟ್ಟಿಯಾಕೆಯಿಂದ ಮನೆಯ ಗುರುತು ಕೇಳಿಕೊಂಡು, ಮುಂದಿನ ರಜೆಯ ದಿನ ನಾನು ಸ್ಕೂಟರ್ ಹೊಡೆದೆ, ವೈನಿ ಹಿಂದೆ ಕೂತರು. ಡಂಬಳ ದಾಟುವವರೆಗೆ ಬಲಕ್ಕೆ ಕಪ್ಪತಗುಡ್ಡ, ಅದರ ಮೇಲೆ ತಿರುಗುವ ಗಾಳಿಯಂತ್ರಗಳು. ದಾರಿಯುದ್ದಕ್ಕೂ ನಾನು ಏನೇನು ಅನ್ನಬೇಕೆಂದು ಹೇಳುತ್ತ ಹೋದೆ.

ಬಾಗಿಲು ತೆರೆದವಳು ವೈನಿಯ ವಯಸ್ಸಿನವಳೇ. ನಾವು ಎಲ್ಲಿಯವರೆಂದು ಹೇಳಿದ್ದೇ ತಡ ಅವಳ ಮುಖ ಬಿಳಿಚಿತು.

"ಕುರ್ಚಿ ಒಯ್ಯಾಕ ಬಂದೀರೇನ್ರಿ? ಒಯ್ಯರಿ," ಅಂದಳು. ಅಷ್ಟಕ್ಕೇ ಅಳು ಬಂತು. ಅವಳ ಮಾವ ಹೋದ ತಿಂಗಳು ತೀರಿಕೊಂಡಿದ್ದರು. ಅವರ ಔಷಧಕ್ಕೆ ಇವಳ ಹೊಲಿಗೆ ಮಷಿನ್ ಹೋಗಿತ್ತು. ಕುರ್ಚಿ ಮಾರಿ ಒಂದು ಹಳೆಯ ಮಷಿನ್ ಕೊಳ್ಳಬೇಕೆಂದು ಅವಳ ಆಸೆ. "ಹಾಕಾಕ ಒಮ್ಮೆ ರೊಕ್ಕ ಕಟ್ಟಿದೆ, ಯಾರೂ ಕೇಳಲಿಲ್ಲ. ಮ್ಯಾಲೆ ಕಾಣಬೇಕಂದ್ರ ಇನ್ನೊಮ್ಮೆ ಕಟ್ಟರಿ ಅಂತು, ಕಟ್ಟಿದೆ. ಕೊಟ್ಟವ್ರಿಗೆ ಯಾವ ಮುಖ ತೋರಿಸಲಿ ಅಂತ ನಿದ್ದಿ ಇಲ್ಲರಿ ನನಗ."

ವೈನಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ನಾವು ಒಯ್ಯಾಕ ಬಂದಿಲ್ಲವಾ. ನಿನಗ ಕೊಟ್ಟಮ್ಯಾಲೆ ಅದು ನಿಂದ. ನೀ ಮಾರು. ಆದ್ರ ಏನಂತ ಬರದಿ, ತೋರಸು."

ಅವಳು 'ವೀಲ್ ಚೇರ್, ಹೊಸಾದರಂಗ ಐತಿ' ಎಂದಷ್ಟೇ ಬರೆದಿದ್ದಳು. ವೈನಿಗೆ ನಗು ಬಂತು. ಆಮೇಲೆ ಮೂವರೂ ಕುರ್ಚಿಯನ್ನು ಅಂಗಳಕ್ಕೆ ತಂದೆವು. ಗಾಲಿಯ ಕೆಸರು ತೊಳೆದೆವು, ಕೀಲಿಗೆ ಎಣ್ಣೆ ಬಿಟ್ಟೆವು. ವೈನಿ ಸಡಿಲ ಬ್ರೇಕಿನ ಫೋಟೋವನ್ನೂ ತೆಗೆಸಿದರು. ಯಾವ ದರ ಹಾಕಿದರೆ ಕೊಳ್ಳುವವರಿಗೆ ಒಟ್ಟು ಎಷ್ಟು ಬೀಳುತ್ತದೆ, ಅವಳ ಕೈಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳಿ, ಎರಡನ್ನೂ ಮುಚ್ಚಿಡದೆ ಬರೆಸಿದರು. ದರವೂ ಸ್ವಲ್ಪ ಇಳಿಯಿತು. ಕೊನೆಯಲ್ಲಿ 'ಗಾದಿ ಲಕ್ಷ್ಮೇಶ್ವರದ್ದು, ಅಸಲ ಹತ್ತಿ, ಕುಂತರ ಏಳೂ ಮನಸಾಗೂದಿಲ್ಲ' ಎಂದು ಬರೆದದ್ದು ಅವಳೇ. ಬರೆದು ಅವಳೇ ಮೊದಲು ನಕ್ಕಳು. ಊಟ ಮಾಡಿಸದೆ ನಮ್ಮನ್ನು ಬಿಡಲಿಲ್ಲ.

ತಿರುಗಿ ಬರುವಾಗ ಕೇಳಿದೆ: "ವೈನಿ, ನಿಮಗ ಒಂಚೂರೂ ಬ್ಯಾಸರ ಆಗಲಿಲ್ಲೇನ್ರಿ?"

"ಯಾತಕ್ಕ? ನಾನೂ ಮಾರೇನಿ, ಆಕೀನೂ ಮಾರಾಕತ್ತಾಳ," ಅಂದರು. "ಅಣ್ಣಾರು ಹಂಗ ಕೊಟ್ರು, ಅದು ಅವರ ದೊಡ್ಡ ಗುಣ. ಎಲ್ಲಾರ ಕಡೆನೂ ಹಂಗ ಕೊಡಾಕ ಇರಬೇಕಲ್ಲ."

ಗಾಳಿ ಜೋರಿತ್ತು. ಅವರು ಇನ್ನೂ ಏನೋ ಅಂದರು, ನನಗೆ ಕೇಳಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಜೊತೆಗಿದ್ದೂ ಈ ಹೆಂಗಸನ್ನು ನಾನು ಅಂದೇ ಸರಿಯಾಗಿ ನೋಡಿದೆ ಅನಿಸಿತು.

ಕುರ್ಚಿಯನ್ನು ಕೊಪ್ಪಳದ ಕಡೆಯವರು ಕೊಂಡರು. ಆ್ಯಪ್‌ನವರು ತಮ್ಮ ಪಾಲು ತೆಗೆದುಕೊಂಡರು. ಆ್ಯಪ್ ಇಲ್ಲದಿದ್ದರೆ ಕೊಪ್ಪಳದವರಿಗೆ ಮುಂಡರಗಿಯ ಕುರ್ಚಿ ಕಾಣುತ್ತಲೂ ಇರಲಿಲ್ಲ ಎಂದು ವೈನಿ ಅದಕ್ಕೂ ಒಂದು ನ್ಯಾಯದ ಮಾತು ಹೇಳಿದರು. ಮುಳಗುಂದದಲ್ಲಿ ಒಬ್ಬರು ಹಳೆಯ ಹೊಲಿಗೆ ಮಷಿನ್ ಮಾರುತ್ತಿದ್ದರು. ವೈನಿ ಹೋಗಿ ಚಕ್ರ ತಿರುಗಿಸಿ, ಒಂದು ಹೊಲಿಗೆ ಹಾಕಿ ನೋಡಿ, ಸರಿಯಿದೆಯೆಂದ ಮೇಲೆಯೇ ಮುಂಡರಗಿಯವಳು ಕೊಂಡಳು.

ಗಾದಿಯ ಹಿರಿಯರಿಗೆ ಇದನ್ನೆಲ್ಲ ಹೇಳುವ ಕೆಲಸ ಉಳಿದಿತ್ತು. ಅವರು ಸಿಟ್ಟಿನಿಂದಲೇ ಫೋನು ಎತ್ತಿದರು. ವೈನಿ ಆ ಮನೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದರು.

"ಹೌದೇನು ತಂಗಿ," ಅಂದರು ಹಿರಿಯರು. "ಆಕೀ ಹೊಲಿಗಿ ಹೆಂಗೈತಿ?"

"ಚಲೋ ಐತಿ ಅಣ್ಣಾರ. ಆಕೀ ಹೊಲಿದ ಕುಬಸ ನೋಡೇನಿ."

"ಹಂಗಾದ್ರ ಆಕೀಗೆ ನನ್ನ ನಂಬರ್ ಕೊಡು. ಗಾದಿ ಗಲೀಫು ಹೊಲಿಯಾಕ ನನಗ ಜನ ಸಾಲವಲ್ಲರು. ಮುಂದ ಮದುವಿ ಸೀಜನ್ ಐತಿ."

ಈಗ ಲಕ್ಷ್ಮೇಶ್ವರದಿಂದ ಮುಂಡರಗಿಗೆ ಬಟ್ಟೆಯ ಗಂಟು ಬಸ್ಸಿನಲ್ಲಿ ಹೋಗುತ್ತದೆ, ಗಾದಿಗೆ ಹಾಕುವ ಗಲೀಫುಗಳಾಗಿ ಹೊಲಿದು ಬರುತ್ತದೆ. ಹಿರಿಯರು ಮತ್ತು ಆಕೆ ಒಬ್ಬರನ್ನೊಬ್ಬರು ಇನ್ನೂ ಮುಖತಃ ನೋಡಿಲ್ಲ. ಹೊಲಿಗೆ ನೆಟ್ಟಗಿಲ್ಲವೆಂದು ಆತ, ಬಟ್ಟೆ ಕಡಿಮೆ ಕಳಿಸಿದರೆಂದು ಆಕೆ, ಇಬ್ಬರೂ ವೈನಿಗೇ ಫೋನು ಮಾಡಿ ದೂರುತ್ತಾರೆ. ವೈನಿ ಒಲೆಯ ಮುಂದೆ ಕೂತು, ಫೋನನ್ನು ಹೆಗಲು ಕಿವಿಗಳ ನಡುವೆ ಒತ್ತಿ ಹಿಡಿದು, ಇಬ್ಬರ ಮಾತನ್ನೂ ಪೂರ್ತಿ ಕೇಳುತ್ತಾರೆ.